ಉಸಿರಿನ ಅಳತಿಯೊಳಗ ಹೆಣ್ಣು, ಗಂಡು

ನಮ್ಮ ಜತ್ತ ಸೀಮೆಯೊಳಗ ಆಸ್ತಮಾಕ್ಕ ದಮ್ಮು ಅಂತಾರ. ಗಂಡಸಿಗೆ ದಮ್ಮು ಹತ್ತಿದರ ಮನಿಮಂದಿ ಗಾಬರಿಯಾಗಿ ದವಾಖಾನಿಗೆ ಒಯ್ಯತಾರ. ಹೆಂಗಸು ಹೇಳಿದರ, "ಒಲಿ ಹೊಗಿ ಕುಡದೀ, ಸ್ವಲ್ಪ ಗಾಳಿಗೆ ಕೂಡು" ಅಂತಾರ. ಈ ಭೇದ ಉಸಿರು ಅಳೆಯುವ ವಿದ್ಯೆಯ ಇತಿಹಾಸದೊಳಗೂ ಇದೆ.

ಕಾಳು ಅಳೀಲಿಕ್ಕೆ ಸೇರು ಇದ್ದಂಗ ಉಸಿರಿಗೂ ಒಂದು ಅಳತಿ ಗಟ್ಟಿ ಮಾಡಿದವರು ಇಂಗ್ಲೆಂಡಿನ ಡಾಕ್ಟರ್ ಜಾನ್ ಹಚಿನ್ಸನ್. 1846ರಲ್ಲಿ ಲಂಡನ್ನಿನಲ್ಲಿ ಅವರು ಸ್ಪೈರೋಮೀಟರ್ ಎಂಬ ಯಂತ್ರದ ವಿವರ ಪ್ರಕಟಿಸಿದರು. ನೀರಿನೊಳಗ ಒಂದು ಡಬ್ಬಿ ಬೋರಲು ಹಾಕಿರುತ್ತದೆ. ಕೊಳವೆಯಿಂದ ಊದಿದರ ಡಬ್ಬಿ ಮ್ಯಾಲೇಳತದ. ಎಷ್ಟು ಎದ್ದಿತೋ ಅಷ್ಟು ಉಸಿರು. ಹೀಗೆ 2130 ಮಂದಿಯನ್ನು ಅಳೆದರು. ಎತ್ತರ ಒಂದು ಇಂಚು ಹೆಚ್ಚಾದರ ಉಸಿರು ಸುಮಾರು 8 ಘನ ಇಂಚು ಹೆಚ್ಚು ಅಂತ ಕಂಡುಕೊಂಡರು. ಆದರ ಊದಿದವರು ಯಾರು? ನಾವಿಕರು, ಪೊಲೀಸರು, ಸಿಪಾಯಿಗಳು, ಬೆಂಕಿ ಆರಿಸುವವರು. ಬಹುತೇಕ ಗಂಡಸರೇ. ಹೆಂಗಸರು ಬಹಳ ಕಡಿಮೆ.

ಮುಂದೆ 1959ರಲ್ಲಿ ಮಾರ್ಟಿನ್ ರೈಟ್ ಅವರ ಪೀಕ್ ಫ್ಲೋ ಮೀಟರ್ ಬಂತು. ಉಸಿರು ಎಷ್ಟು ಜೋರಿನಿಂದ ಹೊರಗ ಬರತದ ಅನ್ನೋದನ್ನ ಅದು ತೋರಿಸತದ. ಅಷ್ಟೇ ಎತ್ತರ, ಅಷ್ಟೇ ವಯಸ್ಸು ಇದ್ದರೂ ಹೆಣ್ಣಿನ ಪುಪ್ಪುಸ ಗಂಡಿನದಕ್ಕಿಂತ ಸಣ್ಣದು. ಅದಕ್ಕೇ ಇಬ್ಬರಿಗೂ ಬೇರೆ ಬೇರೆ ತಖ್ತೆ ಮಾಡಿದರು. ಪದ ಹಾಡುವವರಿಗೆ ಇದು ತಿಳಿದ ಮಾತು. ಪೆಟ್ಟಿಗೆಯ ಮ್ಯಾಲೆ ಗಂಡಿನ ಪಟ್ಟಿ ಹಿಡಿದು ಹೆಣ್ಣಿಗೆ ಹಾಡಂದರ ದನಿ ಕೂಡೂದಿಲ್ಲ. ಅದು ಹಾಡುವಾಕೆಯ ತಪ್ಪಲ್ಲ.

ಯಂತ್ರ ಎಲ್ಲಾ ಹೇಳೂದಿಲ್ಲ ಅಂತ ತಿಳಿದು 2004ರಲ್ಲಿ ಐದು ಪ್ರಶ್ನೆಗಳ ಪರೀಕ್ಷೆ ಹೊರಟಿತು. ಹೋದ ನಾಲ್ಕು ವಾರದಾಗ ಕೆಲಸಕ್ಕ ಅಡ್ಡಿ ಆಯಿತೇನು? ದಮ್ಮು ಎಷ್ಟು ಸಲ ಹತ್ತಿತು? ರಾತ್ರಿ ಎಚ್ಚರ ಆಯಿತೇನು? ತುರ್ತಿಗೆ ಪಂಪ್ ಎಷ್ಟು ಸಲ ಎಳೆದಿರಿ? ದಮ್ಮು ಹತೋಟಿಯೊಳಗ ಅದ ಅನಸತದೇನು? ಒಟ್ಟು 25 ಅಂಕ. 20 ಅಥವಾ ಹೆಚ್ಚು ಬಂದರ ಹತೋಟಿ ಸರಿ, 19 ಅಥವಾ ಕಡಿಮೆ ಬಂದರ ಇಲ್ಲ.

ಇಲ್ಲೇ ದೊಡ್ಡ ಮಾತು ಹೊರಬಿತ್ತು. ಊದಿದ ಅಳತಿ ತಖ್ತೆ ಪ್ರಕಾರ ಗಂಡಸರಷ್ಟೇ ಇದ್ದರೂ, ಅವರಿಗಿಂತ ಚಲೋ ಇದ್ದರೂ, ಹೆಂಗಸರ ತ್ರಾಸು ಹೆಚ್ಚು, ಅಂಕ ಕಡಿಮೆ. ಸಣ್ಣವರಿದ್ದಾಗ ದಮ್ಮು ಗಂಡುಮಕ್ಕಳಲ್ಲಿ ಹೆಚ್ಚು. ಮೈನೆರೆದ ಮ್ಯಾಲೆ ಹೆಣ್ಮಕ್ಕಳಲ್ಲಿ ಹೆಚ್ಚು. ಕೆಲವರಿಗೆ ಮುಟ್ಟಿನ ದಿನ ಹತ್ತಿರ ಬಂದಾಗ ಜೋರಾಗತದ. ಕಟ್ಟಿಗಿ ಒಲಿ ಹೊಗಿ ಬ್ಯಾರೆ. ಅಂದಮ್ಯಾಲೆ "ಯಂತ್ರದಾಗ ಸರಿ ಅದ, ಈಕಿದು ಬರೇ ನಾಟಕ" ಅನ್ನೂದು ಅನ್ಯಾಯ.

ಮಾಸ್ತರರೇ, ದೊಡ್ಡ ಹುಡುಗಿ ಆಟಕ್ಕ ಒಲ್ಲೆ ಅಂದರ ಮೈಗಳ್ಳಿ ಅನಬ್ಯಾಡ್ರಿ, ರಾತ್ರಿ ಕೆಮ್ಮು ಬರತದೇನು ಅಂತ ಕೇಳ್ರಿ. ಮನಿಯ ಯಜಮಾನರೇ, ಹೆಂಡತಿ, ಸೊಸಿ ದಮ್ಮು ಅಂದರ ಡಾಕ್ಟರ ಕಡೆ ಕರಕೊಂಡು ಹೋಗ್ರಿ. ಅಲ್ಲಿ ಯಂತ್ರ ಊದಲಿ, ಆ ಐದು ಪ್ರಶ್ನೆಗೆ ಉತ್ತರಾನೂ ಹೇಳಲಿ. ಉತ್ತರ ಮಾತ್ರ ಆಕೆಯೇ ಹೇಳಬೇಕು, ನೀವಲ್ಲ.