ಬೀದರ್ ಗಡಿಸೀಮೆಯಲ್ಲಿ ಪಕ್ಷ, ಭಾಷೆ, ಜಾತಿ
1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ ಸೇರಿದವು. ಗಡಿ ಬದಲಾದರೂ ಜನರ ನುಡಿ ಬದಲಾಗಲಿಲ್ಲ. ಔರಾದ್ ಕಡೆಯ ಸಂತೆಯಲ್ಲಿ ಇಂದಿಗೂ ಕನ್ನಡ, ಮರಾಠಿ, ದಖ್ಖನಿ ಉರ್ದು ಒಟ್ಟಿಗೆ ಕಿವಿಗೆ ಬೀಳುತ್ತವೆ. ಮತ ಕೇಳುವವರಿಗೂ ಇವೆಲ್ಲ ಬೇಕು.

1962ರಿಂದ ಬೀದರ್ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ರಾಮಚಂದ್ರ ವೀರಪ್ಪ 1962, 1967ರಲ್ಲಿ ಕಾಂಗ್ರೆಸ್‌ನಿಂದ, 1991ರಿಂದ 2004ರವರೆಗೆ ಸತತ ಐದು ಬಾರಿ ಬಿಜೆಪಿಯಿಂದ ಗೆದ್ದರು. 2008ರ ಮರುವಿಂಗಡಣೆಯಲ್ಲಿ ಲೋಕಸಭಾ ಕ್ಷೇತ್ರ ಸಾಮಾನ್ಯವಾಯಿತು. ಔರಾದ್ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿ, ಲಂಬಾಣಿ ಸಮುದಾಯದ ಪ್ರಭು ಚವ್ಹಾಣ್ ಆಯ್ಕೆಯಾದರು. ಈ ಸೀಮೆ ಹಿಂದುಳಿದ ಪ್ರದೇಶವೆಂಬ ಕೂಗಿಗೂ 2013ರಲ್ಲಿ ಸಂವಿಧಾನದ 371ಜೆ ವಿಧಿಯ ಉತ್ತರ ಸಿಕ್ಕಿತು: ಶಿಕ್ಷಣ, ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ.