ಕಿವಿಯ ಕನ್ನಡ, ಪಾಟಿಯ ಮರಾಠಿ

ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಎರಡೂ ಕಡೆ ದರಬಾರದ ಮಾತು ಮರಾಠಿ, ಓಣಿಯ ಮಾತು ಕನ್ನಡ. ರನ್ನ ಹುಟ್ಟಿದ ಮುಧೋಳದಲ್ಲೇ ಹೀಗೆ! ಅವ್ವನ ತೊಡೆಯ ಮೇಲೆ ಕನ್ನಡ ಕಲಿತು ಮರಾಠಿ ಸಾಲಿಗೆ ಹೋದ ಕೂಸಿನ ಪಾಡು ಏನಾಗಿರಬೇಕು?

ಓದುವುದೆಂದರೆ ಅಕ್ಷರ ಗುರುತಿಸುವುದಷ್ಟೇ ಅಲ್ಲ. 'ಮಗ್ಗ' ಎಂದು ಕೂಡಿಸಿ ಓದಿದ ಕೂಡಲೇ ರಬಕವಿ-ಬನಹಟ್ಟಿಯ ನೇಕಾರರ ಮಗುವಿಗೆ ಮನೆಯ ಸಪ್ಪಳ ನೆನಪಾಗುತ್ತದೆ. ಶಬ್ದ ಮೊದಲೇ ಕಿವಿಯಲ್ಲಿರುತ್ತದೆ. ಕಣ್ಣು ಅದನ್ನು ಗುರುತು ಹಿಡಿಯುತ್ತದೆ. ಎಂದೂ ಕೇಳದ ಶಬ್ದವಾದರೆ ಅಕ್ಷರ ಬಂದರೂ ಅರ್ಥ ಬಾರದು. ತಡವರಿಸಿದ ಮಗುವಿಗೆ ನಾವು ಕೊಡುವ ಹೆಸರು ದಡ್ಡ!

ಬ್ರಿಟಿಷರ ಆಡಳಿತದಲ್ಲಿದ್ದ ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ 19ನೆಯ ಶತಮಾನದಲ್ಲೇ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲಿಗಳಿಗಾಗಿ ದುಡಿದರು. ಬೀಳಗಿ ಆ ಸೀಮೆಗೆ ಸೇರಿದ್ದು. ಸಂಸ್ಥಾನಗಳು 1948ರಲ್ಲಿ ವಿಲೀನವಾದವು. 1956ರಲ್ಲಿ ಈ ಊರುಗಳೆಲ್ಲ ಕನ್ನಡ ನಾಡಿಗೆ ಕೂಡಿದವು. ನಡುವೆ 1953ರಲ್ಲಿ ಯುನೆಸ್ಕೊ ಕೂಡ ಮಗುವಿನ ಕಲಿಕೆ ತಾಯ್ನುಡಿಯಲ್ಲಿ ಆರಂಭವಾಗಲಿ ಎಂದಿತು.

ಮರಾಠಿ ಕುಳಿತಿದ್ದ ಮಣೆಯ ಮೇಲೆ ಇಂದು ಇಂಗ್ಲಿಷ್ ಕುಳಿತಿದೆ. ಓದಿನ ತೊಡಕಿಗೆಲ್ಲ ಇದೊಂದೇ ಕಾರಣವಲ್ಲ, ನಿಜ. ಮನೆಮಾತಿನಲ್ಲೂ ಅಕ್ಷರ ಕೂಡಿಸಲಾಗದ ಮಗುವಿಗೆ ಡಿಸ್‌ಲೆಕ್ಸಿಯಾ ಇರಬಹುದು. ಮಾತು ತಡವಾದರೆ ಕಿವಿಯನ್ನೂ ತೋರಿಸಬೇಕು. ಅದಕ್ಕೆ ಬೈಗಳ ಮದ್ದಲ್ಲ, ಬಲ್ಲವರ ನೆರವು ಬೇಕು.

ಆದರೆ ಮೂರು ವರ್ಷದ ಕೂಸಿನ ಕೈಗೆ ಎಬಿಸಿಡಿ ಕೊಡುವ ಮುಂಚೆ ಅದರ ಕಿವಿ ತುಂಬಿಸೋಣ, ತಾಯಂದಿರೇ. ರೊಟ್ಟಿ ಬಡಿಯುತ್ತ ಒಂದು ಕತೆ, ಒಂದು ಒಗಟು ಹೇಳೋಣ. ಅದಕ್ಕೆ ಫೀ ಇಲ್ಲ. ಮುಂದಿನ ಓದಿಗೆಲ್ಲ ಅದೇ ಬುನಾದಿ.