ವಿಡಿಯೊ ಗೇಮ್ ಉದ್ಯಮ: ಕರ್ತೃತ್ವ, ಶ್ರಮ ಮತ್ತು ಗ್ರಾಹಕಧರ್ಮ

ವಿಡಿಯೊ ಗೇಮ್ ಎಂಬುದು ಚಿತ್ರ, ಸಂಗೀತ, ಕಥನ, ಗಣಿತಗಳ ಸಂಯೋಗದಿಂದ ಹುಟ್ಟುವ ಕಲಾಕೃತಿಯೂ ಹೌದು, ಸಂಬಳಕ್ಕೆ ದುಡಿಯುವ ನೂರಾರು ಜನರ ಕೈಯಿಂದ ಗಡುವಿನೊಳಗೆ ಹೊರಬೀಳಬೇಕಾದ ಸರಕೂ ಹೌದು. ಈ ಎರಡು ಧರ್ಮಗಳು ಒಂದೇ ವಸ್ತುವಿನಲ್ಲಿ ಕೂಡಿರುವುದರಿಂದ, ಅದನ್ನು ರಚಿಸಿದವರು ಯಾರು, ಅವರಿಗೆ ಸಲ್ಲತಕ್ಕುದೇನು, ಕೊಂಡು ಆಡುವವನ ಹೊಣೆಯೆಷ್ಟು ಎಂಬ ಮೂರು ಪ್ರಶ್ನೆಗಳು ಉದ್ಯಮದ ಬಾಲ್ಯದಿಂದಲೂ ಒಂದಕ್ಕೊಂದು ತೊಡರಿಕೊಂಡು ಬಂದಿವೆ. ಇಲ್ಲಿ ಮುಖ್ಯವಾಗಿ ಅಮೆರಿಕದ ಉದ್ಯಮವನ್ನೂ, ಅದರೊಡನೆ ನಂಟುಳ್ಳ ಮಟ್ಟಿಗೆ ಬೆಂಗಳೂರನ್ನೂ ಪರಿಶೀಲಿಸಲಾಗಿದೆ.

ಅಟಾರಿಯ ಅನಾಮಧೇಯರು

ಕ್ಯಾಲಿಫೋರ್ನಿಯದ ಅಟಾರಿ ಸಂಸ್ಥೆ 1977ರಲ್ಲಿ ಮಾರುಕಟ್ಟೆಗೆ ತಂದ, ಮುಂದೆ 2600 ಎಂಬ ಹೆಸರಿನಿಂದ ಪ್ರಸಿದ್ಧವಾದ ಯಂತ್ರದ ಸ್ಮೃತಿ ಕೇವಲ 128 ಬೈಟುಗಳಷ್ಟು. ಪರದೆಯ ಚಿತ್ರವನ್ನು ಇಡಿಯಾಗಿ ಕೂಡಿಟ್ಟುಕೊಳ್ಳುವ ಸೌಕರ್ಯವೇ ಅದಕ್ಕಿರಲಿಲ್ಲ. ಆದುದರಿಂದ ಟೆಲಿವಿಷನ್ನಿನ ಎಲೆಕ್ಟ್ರಾನ್ ಕಿರಣ ನೇಗಿಲಿನಂತೆ ಪರದೆಯನ್ನು ಸಾಲುಸಾಲಾಗಿ ಉತ್ತುಕೊಂಡು ಹೋಗುತ್ತಿರುವಾಗಲೇ, ಸಾಲೊಂದಕ್ಕೆ ಪ್ರೊಸೆಸರಿನ 76 ಆವರ್ತಗಳ ಅವಧಿಯೊಳಗಾಗಿ, ಆ ಸಾಲಿನಲ್ಲಿ ಯಾವ ಬಣ್ಣ ಎಲ್ಲಿ ಬೀಳಬೇಕೆಂಬುದನ್ನು ಪ್ರೋಗ್ರಾಮು ತಿಳಿಸಬೇಕಾಗಿತ್ತು. ತಡವಾಯಿತೆಂದರೆ ಕಿರಣ ಮುಂದೆ ಸಾಗಿರುತ್ತಿತ್ತು. ಒಂದು ಸಾಲಿನಲ್ಲಿ ಯಂತ್ರ ತೋರಬಲ್ಲ ಬಿಡಿ ಆಕೃತಿಗಳು ಎರಡೇ; ಅವುಗಳೊಡನೆ ಗುಂಡೆಂದೋ ಚೆಂಡೆಂದೋ ಬಳಸತಕ್ಕ ಮೂರು ಚುಕ್ಕೆಗಳು. ಮೂರನೆಯ ಆಕೃತಿ ಬೇಕೆಂದರೆ ಒಂದನ್ನು ಮರೆಸಿ ಇನ್ನೊಂದನ್ನು ತೋರಿಸುತ್ತ ಮಿನುಗಿಸಬೇಕು. ಆಟದ ಕಲ್ಪನೆ, ಚಿತ್ರ, ಧ್ವನಿ, ಲೆಕ್ಕಾಚಾರಗಳೆಲ್ಲ ಸಾಮಾನ್ಯವಾಗಿ ಒಬ್ಬನ ಕೈಯಲ್ಲಿಯೇ, ಹೆಚ್ಚೆಂದರೆ 4096 ಬೈಟುಗಳ ಕಾರ್ಟ್ರಿಜ್ಜಿನೊಳಗೆ ಮುಗಿಯುತ್ತಿದ್ದವು. ಈ ಲೇಖನದ ಕನ್ನಡ ಪಾಠವನ್ನು ಕಂಪ್ಯೂಟರಿನಲ್ಲಿ ಇಡುವುದಕ್ಕೇ ಅದರ ಹಲವು ಪಟ್ಟು ಸ್ಥಳ ಬೇಕಾಗುತ್ತದೆ.

ಕರ್ತೃತ್ವ ಇಷ್ಟು ನಿಸ್ಸಂದಿಗ್ಧವಾಗಿದ್ದ ಕಾಲ ಈ ಉದ್ಯಮದಲ್ಲಿ ಮತ್ತೆ ಬರಲಿಲ್ಲ. ಹೀಗಿದ್ದೂ ಪೆಟ್ಟಿಗೆಯ ಮೇಲಾಗಲಿ ಕೈಪಿಡಿಯಲ್ಲಾಗಲಿ ಕರ್ತೃವಿನ ಹೆಸರನ್ನು ಅಟಾರಿ ಅಚ್ಚುಮಾಡುತ್ತಿರಲಿಲ್ಲ. ಹೆಸರು ಬೆಳಕಿಗೆ ಬಂದರೆ ಪ್ರತಿಸ್ಪರ್ಧಿಗಳು ಸೆಳೆದೊಯ್ದಾರು, ಸಂಬಳದ ಚೌಕಾಸಿಗೆ ಬಲ ಬಂದೀತು ಎಂಬ ಆತಂಕವೇ ಕಾರಣವೆಂದು ಊಹಿಸಬಹುದಾಗಿದೆ. ವಾರೆನ್ ರಾಬಿನೆಟ್ ಎಂಬಾತ ‘ಅಡ್ವೆಂಚರ್’ ಆಟವನ್ನು ರಚಿಸಿದಾಗ ತನ್ನ ಹೆಸರನ್ನು ಅದರೊಳಗೇ ಹೂತಿಟ್ಟ. ಕಪ್ಪು ಕೋಟೆಯ ಚಕ್ರವ್ಯೂಹದೊಳಗೆ, ನೆಲದ ಬಣ್ಣದಲ್ಲಿಯೇ ಬೆರೆತು ಕಣ್ಣಿಗೆ ಬೀಳದ, ಒಂದೇ ಬಿಂದುವಿನಷ್ಟು ಬೂದುಬಣ್ಣದ ಚುಕ್ಕೆಯೊಂದಿದೆ. ಅದನ್ನು ಎತ್ತಿಕೊಂಡು ಹೊನ್ನಿನ ಕೋಟೆಯ ಕೆಳಗಿನ ಹಜಾರಕ್ಕೆ ತಂದು, ಬೇರೆ ವಸ್ತುಗಳನ್ನೂ ಅಲ್ಲಿ ಕೂಡಿಹಾಕಿದರೆ, ಮೇಲೆ ಹೇಳಿದ ಮಿನುಗು ಆರಂಭವಾಗಿ, ಆಟಗಾರ ಬಲಗೋಡೆಯನ್ನು ದಾಟಿ ಗುಪ್ತವಾದ ಕೋಣೆಯೊಂದನ್ನು ಹೊಗುತ್ತಾನೆ. ಇದನ್ನು ರಚಿಸಿದಾತ ವಾರೆನ್ ರಾಬಿನೆಟ್ ಎಂಬ ಇಂಗ್ಲಿಷ್ ಅಕ್ಷರಗಳು ಅಲ್ಲಿ ಬಣ್ಣ ಬದಲಿಸುತ್ತ ಹೊಳೆಯುತ್ತವೆ. ಯಂತ್ರದ ಊನವೇ ಕೀಲಿಕೈಯಾದ ಈ ಉಪಾಯವನ್ನು ಆತ ಸಹೋದ್ಯೋಗಿಗಳಿಗೂ ತಿಳಿಸದೆ ಸಂಸ್ಥೆಯನ್ನು ಬಿಟ್ಟ. ಯೂಟಾ ಪ್ರಾಂತದ ಬಾಲಕನೊಬ್ಬ ಕೋಣೆಯನ್ನು ಪತ್ತೆಹಚ್ಚಿ ಪತ್ರ ಬರೆದ ಮೇಲೆಯೇ ಅಟಾರಿಗೆ ವಿಷಯ ತಿಳಿಯಿತು. ಇಂತಹ ಗುಪ್ತ ವಿಶೇಷಗಳಿಗೆ ‘ಈಸ್ಟರ್ ಎಗ್’ ಎಂಬ ಹೆಸರು ರೂಢಿಗೆ ಬಂದುದೂ ಇಲ್ಲಿಂದಲೇ. ಗುಪ್ತನಾಮಗಳಲ್ಲಿ ಇದೇ ಮೊದಲನೆಯದೆಂದು ಬಹುಕಾಲ ನಂಬಲಾಗಿದ್ದಿತಾದರೂ 1977ರ ‘ಸ್ಟಾರ್‌ಶಿಪ್ 1’ ಎಂಬ ಆಟದಲ್ಲಿ ಅಂಥದೇ ಒಂದು ಅಡಗಿದ್ದುದು 2017ರಲ್ಲಿ ತಿಳಿದುಬಂದಿದೆ. ರಾಬಿನೆಟ್ಟನೇ ಕೊಟ್ಟ ಲೆಕ್ಕದಂತೆ ‘ಅಡ್ವೆಂಚರ್’ ಸುಮಾರು 10 ಲಕ್ಷ ಪ್ರತಿ ಮಾರಿತು, ಪ್ರತಿಯೊಂದರ ಬೆಲೆ 25 ಡಾಲರ್. ಆತನ ವರ್ಷದ ಸಂಬಳ ಸುಮಾರು 22,000 ಡಾಲರ್.

ಡೇವಿಡ್ ಕ್ರೇನ್, ಅಲನ್ ಮಿಲ್ಲರ್, ಲ್ಯಾರಿ ಕಪ್ಲಾನ್, ಬಾಬ್ ವೈಟ್‌ಹೆಡ್ ಎಂಬ ನಾಲ್ವರು ಹೆಸರನ್ನು ಹೂತಿಡುವ ಬದಲು, ಹೆಸರನ್ನೂ ಪಾಲನ್ನೂ ಕೇಳಿಯೇ ನೋಡಿದರು. ಜವಳಿ ಉದ್ಯಮದಿಂದ ಬಂದು ಅಟಾರಿಯ ಅಧ್ಯಕ್ಷನಾಗಿದ್ದ ರೇ ಕಸ್ಸಾರ್, ಟವೆಲುಗಳ ಮೇಲಿನ ವಿನ್ಯಾಸವನ್ನು ಬಿಡಿಸುವವರಿಗೂ ಆ ನಾಲ್ವರಿಗೂ ಭೇದವಿಲ್ಲವೆಂಬ ಅರ್ಥ ಬರುವಂತೆ ಉತ್ತರ ಕೊಟ್ಟನೆಂದು ಕಪ್ಲಾನ್ ಮುಂದೆ ಹೇಳಿಕೊಂಡಿದ್ದಾನೆ. ಇದು ಒಂದು ಪಕ್ಷದ ಹೇಳಿಕೆಯೆಂಬುದನ್ನು ನೆನಪಿನಲ್ಲಿಡತಕ್ಕದ್ದು. ಟವೆಲಿನ ವಿನ್ಯಾಸಕಾರನ ಹೆಸರೂ ಟವೆಲಿನ ಮೇಲೆ ಏಕಿರಬಾರದೆಂದು ಅಂದು ಯಾರೂ ಕೇಳಿದಂತಿಲ್ಲ. ನಾಲ್ವರೂ ಹೊರಬಂದು ಜಿಮ್ ಲೆವಿಯೊಡನೆ 1979ರಲ್ಲಿ ಆಕ್ಟಿವಿಷನ್ ಸಂಸ್ಥೆಯನ್ನು ಸ್ಥಾಪಿಸಿ, ಕರ್ತೃವಿನ ಹೆಸರನ್ನೂ ಭಾವಚಿತ್ರವನ್ನೂ ಅಚ್ಚುಮಾಡತೊಡಗಿದರು. ಅಟಾರಿ ಹೂಡಿದ ವ್ಯಾಜ್ಯ 1982ರಲ್ಲಿ ರಾಜಿಯಾಯಿತು. ಅದೇ ವರ್ಷ ಕ್ರೇನನ ‘ಪಿಟ್‌ಫಾಲ್’ ಅಪಾರ ಜನಪ್ರಿಯತೆ ಗಳಿಸಿತು.

ಕರ್ತೃವಿನ ಗೌರವಕ್ಕಾಗಿ ಹುಟ್ಟಿದ ಆ ಸಂಸ್ಥೆ ಅನೇಕ ಮಾಲೀಕತ್ವಗಳನ್ನು ದಾಟಿ ಆಕ್ಟಿವಿಷನ್ ಬ್ಲಿಝರ್ಡ್ ಆಗಿ ಬೆಳೆದ ಮೇಲೆ, ಸ್ತ್ರೀಯರಿಗೆ ವೇತನ, ಬಡ್ತಿಗಳಲ್ಲಿ ತಾರತಮ್ಯ ತೋರಿದ ಆರೋಪದ ಮೇಲೆ ಕ್ಯಾಲಿಫೋರ್ನಿಯ ರಾಜ್ಯವೇ 2021ರಲ್ಲಿ ಅದರ ಮೇಲೆ ಮೊಕದ್ದಮೆ ಹೂಡಿತು. 2023ರ ಕೊನೆಯಲ್ಲಿ ಅದು ಸುಮಾರು 5.5 ಕೋಟಿ ಡಾಲರುಗಳಿಗೆ ರಾಜಿಯಾಯಿತು. ಆಕ್ಟಿವಿಷನ್ನಿನ ಅಂಗಸಂಸ್ಥೆಯಾದ ರೇವನ್‌ನಲ್ಲಿ ಆಟದ ದೋಷಗಳನ್ನು ಹುಡುಕುವ ಪರೀಕ್ಷಕರು 2022ರ ಮೇ ತಿಂಗಳಲ್ಲಿ 19ಕ್ಕೆ 3 ಮತಗಳಿಂದ ಸಂಘ ಕಟ್ಟಿಕೊಂಡರು. ಉದ್ಯಮದ ಸೋಪಾನದಲ್ಲಿ ಕಟ್ಟಕಡೆಯ ಮೆಟ್ಟಿಲಲ್ಲಿರುವವರು ಸಂಘಟನೆಯಲ್ಲಿ ಮುಂದಾದುದು ಗಮನಾರ್ಹ.

‘ಕಲಾವಿದ’ ಎಂಬ ಪದದ ಬೆಲೆ

ಆಟ ಬಿಡುಗಡೆಯಾಗುವ ಮುನ್ನ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ರಜೆಯಿಲ್ಲದೆ ದುಡಿಸುವ ಪದ್ಧತಿಗೆ ಉದ್ಯಮದಲ್ಲಿ ‘ಕ್ರಂಚ್’ ಎಂದು ಹೆಸರು. 2004ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ಉದ್ಯೋಗಿಯೊಬ್ಬನನ್ನು ವಿವಾಹವಾಗಲಿದ್ದ ಎರಿನ್ ಹಾಫ್‌ಮನ್, ಹೆಸರು ಹೇಳಿಕೊಳ್ಳದೆ ಪ್ರಕಟಿಸಿದ ಬಹಿರಂಗ ಪತ್ರದಿಂದ ಈ ಪದ್ಧತಿ ಮೊದಲ ಬಾರಿಗೆ ವ್ಯಾಪಕವಾದ ಚರ್ಚೆಗೆ ಬಂದಿತು. ಕ್ಯಾಲಿಫೋರ್ನಿಯದ ಕಾನೂನಿನಂತೆ ಸ್ವಂತ ಪ್ರತಿಭೆಯನ್ನೂ ವಿವೇಚನೆಯನ್ನೂ ಬಳಸುವ ಸೃಜನಶೀಲ ವೃತ್ತಿಯವರಿಗೆ ಓವರ್‌ಟೈಮ್ ಕೊಡಬೇಕಾದ ನಿರ್ಬಂಧವಿಲ್ಲ. ಆದುದರಿಂದ ಆ ಸಂಸ್ಥೆಯ ಉದ್ಯೋಗಿಗಳು ಓವರ್‌ಟೈಮಿಗಾಗಿ ವ್ಯಾಜ್ಯ ಹೂಡಿದಾಗ ವಾದ ತಲೆಕೆಳಗಾಯಿತು: ತಾವು ಕಲೆಗಾರರೆಂದು ಹೇಳಿಕೊಳ್ಳುವವರು ಓವರ್‌ಟೈಮನ್ನು ಕಳೆದುಕೊಳ್ಳಬೇಕು, ಓವರ್‌ಟೈಮ್ ಬೇಕೆನ್ನುವವರು ಹೇಳಿದ್ದನ್ನು ಹೇಳಿದಂತೆ ಮಾಡುವ ಕೆಲಸಗಾರರು ತಾವೆಂದು ತೋರಿಸಿಕೊಡಬೇಕು. ಚಿತ್ರಕಾರರ ವ್ಯಾಜ್ಯ 2005ರಲ್ಲಿ 1.56 ಕೋಟಿ ಡಾಲರುಗಳಿಗೂ, ಪ್ರೋಗ್ರಾಮರುಗಳದು 2006ರಲ್ಲಿ 1.49 ಕೋಟಿ ಡಾಲರುಗಳಿಗೂ ರಾಜಿಯಾದುವು. ಕೆಳದರ್ಜೆಯ ಚಿತ್ರಕಾರರನ್ನು ಗಂಟೆಯ ಸಂಬಳಕ್ಕೆ ವರ್ಗಾಯಿಸಿ ಓವರ್‌ಟೈಮ್ ಕೊಡಲು ಸಂಸ್ಥೆ ಒಪ್ಪಿತು. ಪ್ರತಿಯಾಗಿ ಅವರಿಗೆ ಬೋನಸ್ಸೂ ಷೇರುಗಳ ಪಾಲೂ ತಪ್ಪಿದವು. ಅಟಾರಿಯಲ್ಲಿ ಕಲಾವಿದನಲ್ಲವೆಂದು ಹೇಳಿ ಪಾಲನ್ನು ನಿರಾಕರಿಸಿದ್ದ ಉದ್ಯಮ, ಕಾಲು ಶತಮಾನದ ತರುವಾಯ ಕಲಾವಿದನೇ ಹೌದೆಂದು ಹೇಳಿ ಕೂಲಿಯನ್ನು ನಿರಾಕರಿಸಿದಂತಾಯಿತು.

ಬೆಂಗಳೂರು

ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್, ಕಾಲಕ್ರಮದಲ್ಲಿ ಪರದೇಶದ ಆಟಗಳಿಗೆ ಚಿತ್ರಕಾರ್ಯ ಮಾಡಿಕೊಡುವ ಸಂಸ್ಥೆಯಾಗಿ ಹೆಸರು ಪಡೆದು, ‘ಫೋರ್ಜಾ’ದಂತಹ ಆಟಗಳಲ್ಲಿ ಪಾಲ್ಗೊಂಡಿತು; 2019ರಲ್ಲಿ ಅಮೆರಿಕದ ಆಟಗಳ ಸಂಸ್ಥೆಯಾದ ರಾಕ್‌ಸ್ಟಾರ್ ಅದನ್ನು ಕೊಂಡು ತನ್ನ ಬೆಂಗಳೂರು ಶಾಖೆಯೊಡನೆ ಸೇರಿಸಿಕೊಂಡಿತು. ಇಂತಹ ಕೆಲಸದ ಸ್ವರೂಪವನ್ನು ಒಂದು ಕುರ್ಚಿಯ ಉದಾಹರಣೆಯಿಂದ ತಿಳಿಯಬಹುದು: ನಮೂನೆಯ ಚಿತ್ರಗಳು ಬರುತ್ತವೆ, ಇಷ್ಟೇ ತ್ರಿಕೋನಗಳಲ್ಲಿ ಅದನ್ನು ಕಟ್ಟಬೇಕೆಂಬ ಮಿತಿ ಬರುತ್ತದೆ, ಕಟ್ಟಿದ ಮೇಲೆ ದೂರದಿಂದ ಕಾಣುವಾಗ ಬಳಸುವುದಕ್ಕೆಂದು ಅದೇ ಕುರ್ಚಿಯನ್ನು ಇನ್ನೂ ಕಡಮೆ ತ್ರಿಕೋನಗಳಲ್ಲಿ ಎರಡು ಮೂರು ಬಾರಿ ಕಟ್ಟಿ, ಮರದ ಸವೆತವನ್ನೂ ಗೀರನ್ನೂ ಲೇಪಿಸಿ ಕಳುಹಿಸಬೇಕು. ಆಟಗಾರ ಅದರ ಪಕ್ಕದಲ್ಲಿ ಕುದುರೆಯನ್ನು ಓಡಿಸಿಕೊಂಡು ಹೋಗುತ್ತಾನೆ.

ಕಾರ್ಖಾನೆಗಳಲ್ಲಿ ಸೇವಾನಿಯಮಗಳನ್ನು ಲಿಖಿತವಾಗಿ ಗೊತ್ತುಮಾಡುವ 1946ರ ಸ್ಥಾಯೀ ಆದೇಶಗಳ ಕಾಯಿದೆಯಿಂದ ಕರ್ನಾಟಕ ಸರ್ಕಾರ ಮಾಹಿತಿ ತಂತ್ರಜ್ಞಾನಕ್ಕೆ ಕೊಡುತ್ತ ಬಂದಿದ್ದ ವಿನಾಯಿತಿಯ ಪಟ್ಟಿಯಲ್ಲಿ ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಗಳೂ ಸೇರಿದ್ದವು. ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ ಇದನ್ನು ವಿರೋಧಿಸುತ್ತ ಬಂದಿತು.

ಕೊಳ್ಳುವವನ ಧರ್ಮ

ಖಾದಿಯನ್ನು ಕೊಳ್ಳುವವನು ನೂತವನ ಕೈಗೆ ಹಣ ಮುಟ್ಟುತ್ತದೆಂದು ಹೆಚ್ಚು ಕಡಮೆ ನಂಬಬಹುದು. ಆಟವನ್ನು ಕೊಳ್ಳುವವನಿಗೆ ಅಷ್ಟು ಸುಲಭವಾದ ನಂಬಿಕೆಗೆ ಅವಕಾಶವಿಲ್ಲ. 2019ರ ‘ಡಿಸ್ಕೊ ಎಲಿಸಿಯಮ್’ ಎಂಬ, ಎಸ್ಟೋನಿಯ ಮೂಲದ ಲೇಖಕರೂ ಚಿತ್ರಕಾರರೂ ಕೂಡಿ ರಚಿಸಿದ ಅಪೂರ್ವ ಕೃತಿಯ ಸಂಗತಿಯನ್ನೇ ನೋಡಬಹುದು. ಅದರ ಪ್ರಧಾನ ಕರ್ತೃ ರಾಬರ್ಟ್ ಕುರ್ವಿಟ್ಸ್ ಮೊದಲಾದವರು ತಮ್ಮ ಸಂಸ್ಥೆಯಿಂದಲೇ ಹೊರಬಿದ್ದಿದ್ದಾರೆಂಬುದು 2022ರಲ್ಲಿ ಬಹಿರಂಗವಾದಾಗ, ಕೊಳ್ಳದಿರುವುದೇ ಕೃತಿಯ ಮೇಲಣ ಗೌರವವೆಂದು ಕೆಲವರೂ, ಒಳಗೆ ಉಳಿದ ಕೆಲಸಗಾರರ ಗತಿಯೇನೆಂದು ಕೆಲವರೂ ವಾದಿಸಿದರು. ಎರಡನೆಯ ಪಕ್ಷಕ್ಕೆ ಬಲ ಕೊಡುವ ನಿದರ್ಶನಗಳುಂಟು. 2010ರ ‘ಫಾಲ್‌ಔಟ್: ನ್ಯೂ ವೇಗಸ್’ ಆಟವನ್ನು ನಿರ್ಮಿಸಿದ ಅಬ್ಸಿಡಿಯನ್ ಸಂಸ್ಥೆಗೆ, ವಿಮರ್ಶಕರ ಅಂಕಗಳ ಸರಾಸರಿ 85 ಆದರೆ ಮಾತ್ರ ಬೋನಸ್ ಎಂಬ ಕರಾರಿತ್ತು, ಬಂದುದು 84. ಬಹಿಷ್ಕಾರದ ಏಟು ಮಾಲೀಕನಿಗಿಂತ ಮೊದಲು ಯಾರಿಗೆ ತಗಲುವುದೆಂಬುದನ್ನು ಹೊರಗಿನವನು ಊಹಿಸುವುದು ಕಷ್ಟ.

ಕೊಳ್ಳುವವನ ಪ್ರಶ್ನೆ ಆಟಕ್ಕೇ ಮುಗಿಯದೆ ಅದನ್ನು ಆಡಿಸುವ ಯಂತ್ರಕ್ಕೂ ಹಬ್ಬುತ್ತದೆ: ಇಂತಹ ಯಂತ್ರಗಳಲ್ಲಿ ಬಳಸುವ ಟ್ಯಾಂಟಲಮ್ ಮೊದಲಾದ ಖನಿಜಗಳು ಕಾಂಗೋ ದೇಶದ ಸಶಸ್ತ್ರ ಗುಂಪುಗಳಿಗೆ ಆದಾಯವಾಗಿವೆಯೆಂಬ ಕಾರಣದಿಂದ, ಅವುಗಳ ಮೂಲವನ್ನು ಪ್ರಕಟಿಸಬೇಕೆಂದು ಅಮೆರಿಕದ 2010ರ ಡಾಡ್-ಫ್ರ್ಯಾಂಕ್ ಕಾಯಿದೆ ವಿಧಿಸಿದೆ.

ನಾಮಾವಳಿ

ಆಟದ ಕೊನೆಯಲ್ಲಿ ಪರದೆಯ ಮೇಲೆ ಏರುತ್ತ ಹೋಗುವ ಹೆಸರುಗಳ ಪಟ್ಟಿಯೇ, ಕೊಳ್ಳುವವನಿಗೂ ದುಡಿದವನಿಗೂ ನಡುವೆ ಉಳಿದಿರುವ ಏಕಮಾತ್ರ ದಾಖಲೆ; ಮುಂದಿನ ಕೆಲಸ ಹುಡುಕುವವನಿಗೆ ಅದೇ ಪ್ರಮಾಣಪತ್ರ. 1980ರ ದಶಕದ ಜಪಾನಿನಲ್ಲಿ ಕೆಲವು ಸಂಸ್ಥೆಗಳು ನಿಜನಾಮದ ಬದಲು ಅಡ್ಡಹೆಸರುಗಳನ್ನು ಹಾಕಿಸುತ್ತಿದ್ದವು. 2011ರ ‘ಎಲ್.ಎ. ನ್ವಾರ್’ ಹೊರಬಂದಾಗ, ನೂರಕ್ಕೂ ಹೆಚ್ಚು ಮಂದಿಯ ಹೆಸರು ಬಿಟ್ಟುಹೋಗಿದೆಯೆಂದು ದೂರು ಕೇಳಿಬಂದಿತು. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ರಲ್ಲಿ, ಬಿಡುಗಡೆಗೆ ಮುನ್ನ ಕೆಲಸ ಬಿಟ್ಟವರ ಹೆಸರುಗಳು ಆಟದೊಳಗೆ ಬಾರದೆ, ಟೀಕೆಯ ತರುವಾಯ ರಾಕ್‌ಸ್ಟಾರ್ ಸಂಸ್ಥೆಯ ಜಾಲತಾಣದಲ್ಲಿ ಬೇರೆಯಾಗಿ ಪ್ರಕಟವಾದುವು. ಅಂತರರಾಷ್ಟ್ರೀಯ ಗೇಮ್ ಡೆವಲಪರುಗಳ ಸಂಘ ಈ ಬಗೆಗೆ ಸೂಚನೆಗಳನ್ನು ರೂಪಿಸಿದೆಯಾದರೂ ಅವು ಕಡ್ಡಾಯವಲ್ಲ. ಅನೇಕ ನಾಮಾವಳಿಗಳ ತುದಿಯಲ್ಲಿ, ಆಟ ತಯಾರಾಗುತ್ತಿದ್ದ ವರ್ಷಗಳಲ್ಲಿ ಕೆಲಸಗಾರರಿಗೆ ಹುಟ್ಟಿದ ಮಕ್ಕಳ ಹೆಸರುಗಳನ್ನೂ ಕೊಡುವ ಸಂಪ್ರದಾಯವಿದೆ. ಬಿಡುಗಡೆಗೆ ಒಂದು ತಿಂಗಳ ಮುಂಚೆ ಕೆಲಸ ಬಿಟ್ಟ ತಂದೆಯ ಹೆಸರು ಅಲ್ಲಿ ಇರಲೂಬಹುದು, ಇಲ್ಲದಿರಲೂಬಹುದು.